ಉಪ್ಪಾಗೆ ಕೊಬ್ಬು ಕರಗಿಸುತ್ತದೆಯೇ? ಉತ್ತರ ಇರುವುದು ಜೀವಕೋಶದ ಒಳಗೆ

ಮಳೆಗಾಲ ಬಂತೆಂದರೆ ಉತ್ತರ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಉಪ್ಪಾಗೆಯ ಫೋಟೊ ಓಡಾಡಲು ಶುರುವಾಗುತ್ತದೆ. ಜೊತೆಗೆ ಬರುವ ಬರಹದ ಧಾಟಿ ಹೆಚ್ಚುಕಡಿಮೆ ಒಂದೇ: ನಮ್ಮ ಕಾಡಿನ ಈ ಹಣ್ಣಿನ ಬೆಲೆ ನಮಗೇ ಗೊತ್ತಿಲ್ಲ, ಅಮೆರಿಕದವರು ಇದನ್ನೇ ಕ್ಯಾಪ್ಸೂಲ್ ಮಾಡಿ ನುಂಗುತ್ತಾರೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆಯ ಕೊಬ್ಬು ಬೆಣ್ಣೆಯಂತೆ ಕರಗುತ್ತದೆ, ನೈಸರ್ಗಿಕವಾದ್ದರಿಂದ ಅಡ್ಡಪರಿಣಾಮ ಇಲ್ಲವೇ ಇಲ್ಲ. ಕೊನೆಯಲ್ಲಿ, ಹತ್ತು ಜನರಿಗೆ ಕಳಿಸಿ ಎಂಬ ಆದೇಶ.

ಈ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಿದರೆ ಅದು ಸರಿಯಾದ ಉತ್ತರವಾಗುವುದಿಲ್ಲ. ಇದರಲ್ಲಿ ಒಂದು ಭಾಗ ನಿಜ, ಒಂದು ಭಾಗ ಅರ್ಧ ನಿಜ, ಇನ್ನೊಂದು ಭಾಗ ಲಿವರಿಗೆ ಅಪಾಯ. ಯಾವುದು ಯಾವುದು ಎಂದು ಬಿಡಿಸಿ ನೋಡಬೇಕಾದರೆ ಒಂಬತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತ ಪಾಠವೊಂದಕ್ಕೆ ಹೋಗಬೇಕು. ಕೋಶಭಿತ್ತಿ, ರಸದಾನಿ, ಮೈಟೋಕಾಂಡ್ರಿಯ ಎಂದು ಚಿತ್ರ ಬರೆದು ಹೆಸರು ಗುರುತಿಸಿದ ಆ ಪಾಠವೇ. ಐದು ಅಂಕಕ್ಕೆ ಬರೆದ ಆ ಚಿತ್ರ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಆಗ ಯಾರೂ ಹೇಳಲಿಲ್ಲ, ಅದು ಬೇರೆ ಮಾತು.

ಹಣ್ಣು ನಮ್ಮದು, ಅದರ ಹುಳಿಯನ್ನು ಗುರುತಿಸಿದ್ದೂ ಇಲ್ಲೇ

ಮೊದಲು ನಿಜವಾದ ಭಾಗ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಗಳಲ್ಲಿ, ಚಂದಗುಳಿಯ ಗಂಟೆ ಗಣಪತಿಗೆ ಹರಕೆ ಹೊತ್ತು ಹೋಗುವವರು ದಾಟುವ ಈ ಸೀಮೆಯ ಬೆಟ್ಟಗಳಲ್ಲಿ ಉಪ್ಪಾಗೆ ತಾನಾಗಿ ಬೆಳೆಯುವ ಮರ. ಸಸ್ಯಶಾಸ್ತ್ರದಲ್ಲಿ ಇದು ಗಾರ್ಸೀನಿಯ ಗಮ್ಮಿ-ಗಟ್ಟ. ಹಳೆಯ ಹೆಸರು ಗಾರ್ಸೀನಿಯ ಕ್ಯಾಂಬೋಜಿಯ, ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ಇವತ್ತಿಗೂ ಅದೇ ಇರುತ್ತದೆ. ಕೋಕಂ ಎಂದು ಕರೆಯುವ ಮುರುಗಲು ಇದರ ದಾಯಾದಿ, ಬೇರೆ ಮರ. ಉಪ್ಪಾಗೆ ಹಣ್ಣಾಗುವುದು ಮಳೆಯಲ್ಲಿ. ಬಿಸಿಲು ಸಿಗದ ಕಾರಣ ಸಿಪ್ಪೆಯನ್ನು ಬೆಂಕಿಯ ಮೇಲೆ ಹೊಗೆಯಾಡಿಸಿ ಒಣಗಿಸುತ್ತಾರೆ, ಅದಕ್ಕೇ ಅದು ಕಪ್ಪಗಿರುತ್ತದೆ. ಕೇರಳದಲ್ಲಿ ಇದೇ ಸಿಪ್ಪೆ ಕುಡಂಪುಳಿ, ಅಲ್ಲಿನ ಮೀನುಸಾರಿಗೆ ಬೇಕೇಬೇಕು.

ಈ ಹುಳಿಯ ಒಳಗೇನಿದೆ ಎಂಬುದನ್ನು 1965ರಲ್ಲಿ ಪ್ರಕಟಿಸಿದವರು ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು. ಕೆಲಸ ನಡೆದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆಯಲ್ಲಿ. ಅದುವರೆಗೆ ಈ ಹುಳಿಯನ್ನು ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲ ಎಂದುಕೊಂಡಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದ್ದು ಈ ಇಬ್ಬರು. ಚಿಕ್ಕದಾಗಿ ಎಚ್‌ಸಿಎ ಎನ್ನೋಣ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲಕ್ಕೆ ಒಂದು ಆಮ್ಲಜನಕದ ಪರಮಾಣು ಹೆಚ್ಚಿಗೆ ಅಂಟಿಕೊಂಡಂಥ ರಚನೆ ಇದರದು. ಈ ಒಂದು ಪರಮಾಣುವಿನ ಮೇಲೆಯೇ ಮುಂದಿನ ಕಥೆಯೆಲ್ಲ ನಿಂತಿದೆ.

ಸಿಪ್ಪೆಯಲ್ಲಿ ಹುಳಿ, ಬೀಜದಲ್ಲಿ ತುಪ್ಪ

ಒಣ ಉಪ್ಪಾಗೆ ಸಿಪ್ಪೆಯ ತೂಕದಲ್ಲಿ ಶೇ. 10ರಿಂದ 30ರವರೆಗೂ ಎಚ್‌ಸಿಎ ಇರುತ್ತದೆ. ಇಷ್ಟೊಂದು ಆಮ್ಲವನ್ನು ಇಟ್ಟುಕೊಂಡ ಜೀವಕೋಶ ತಾನೇ ಏಕೆ ಸುಟ್ಟುಹೋಗುವುದಿಲ್ಲ?

ಏಕೆಂದರೆ ಅದು ಆಮ್ಲವನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿದೆ. ಆ ಕೋಣೆಯೇ ರಸದಾನಿ. ಬಲಿತ ಸಸ್ಯಕೋಶದ ಶೇ. 90ರವರೆಗಿನ ಜಾಗವನ್ನು ಒಂದೇ ದೊಡ್ಡ ರಸದಾನಿ ಹಿಡಿದುಕೊಂಡಿರುತ್ತದೆ. ಜೀವದ ಕೆಲಸವೆಲ್ಲ ನಡೆಯುವ ಕೋಶರಸ ಅದರ ಸುತ್ತ ತೆಳುವಾದ ಪದರದಂತೆ ಇರುತ್ತದೆ. ಕೋಶರಸ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ ಎನ್ನುವಷ್ಟು ತಟಸ್ಥ. ರಸದಾನಿ ಮಾತ್ರ ಹುಳಿ. ನಡುವೆ ಇರುವುದು ಒಂದು ತೆಳು ಪೊರೆ. ಆ ಪೊರೆಯಲ್ಲಿ ಕೂತ ಪ್ರೋಟೀನುಗಳು ಪಂಪಿನ ಹಾಗೆ ಆಮ್ಲದ ಕಣಗಳನ್ನು ಸದಾ ಒಳಕ್ಕೆ ತಳ್ಳುತ್ತಲೇ ಇರುತ್ತವೆ. ಹಣ್ಣನ್ನು ಕಚ್ಚಿದಾಗ ಹಲ್ಲು ಜುಮ್ಮೆನ್ನುವುದು ಲಕ್ಷಾಂತರ ರಸದಾನಿಗಳು ಒಟ್ಟಿಗೆ ಒಡೆದಾಗ.

ರಸದಾನಿ ಹುಳಿಗಷ್ಟೇ ಅಲ್ಲ, ಗಿಡ ತನ್ನ ಆಯುಧಗಳನ್ನು ಇಡುವ ಜಾಗವೂ ಹೌದು. ಕೆಸುವಿನ ಸೊಪ್ಪನ್ನು ಅರೆಬೆಂದದ್ದು ತಿಂದು ಗಂಟಲು ಕೆರೆದುಕೊಂಡವರಿಗೆ ಇದರ ಅನುಭವ ಇದೆ. ಕೆಸುವಿನ ಕೆಲವು ವಿಶೇಷ ಕೋಶಗಳ ರಸದಾನಿಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಯ ಕಟ್ಟಿನಂತೆ ಜೋಡಿಸಿಟ್ಟಿರುತ್ತವೆ. ಎಲೆ ಹರಿದಾಗ, ಅಗಿದಾಗ ಅವು ಹೊರಗೆ ಬಂದು ಚುಚ್ಚುತ್ತವೆ. ಪತ್ರೊಡೆಗೆ ಹುಳಿ ಸರಿಯಾಗಿ ಹಾಕಿ ಚೆನ್ನಾಗಿ ಬೇಯಿಸಬೇಕು ಎಂದು ಅಜ್ಜಿಯಂದಿರು ಪಟ್ಟು ಹಿಡಿಯುವುದು ಈ ಸೂಜಿಗಳಿಗಾಗಿ. ಅಂದಹಾಗೆ, ನೈಸರ್ಗಿಕವಾದದ್ದೆಲ್ಲ ನಿರಪಾಯ ಎಂಬ ಮಾತಿಗೆ ಕೆಸುವಿಗಿಂತ ಚುರುಕಾದ ಉತ್ತರ ನಮಗೆ ಸಿಕ್ಕಿಲ್ಲ.

ಈಗ ಉಪ್ಪಾಗೆಯ ಬೀಜಕ್ಕೆ ಬನ್ನಿ. ಕೊಬ್ಬು ಕರಗಿಸುತ್ತದೆ ಎಂಬ ಹೆಸರು ಹೊತ್ತ ಈ ಹಣ್ಣಿನ ಬೀಜದಲ್ಲಿ ಕೊಬ್ಬೇ ತುಂಬಿದೆ! ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವುದೇ ಉಪ್ಪಾಗೆ ತುಪ್ಪ. ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಇದನ್ನು ಅಡುಗೆಗೆ ಬಳಸುವ ರೂಢಿ ಹಿಂದಿನಿಂದ ಇದೆ. ಕುಟ್ಟುವುದು ಏಕೆಂದರೆ ಕೋಶಭಿತ್ತಿ ಒಡೆಯಲು. ಪ್ರಾಣಿಗಳ ಕೋಶಕ್ಕೆ ಇರುವುದು ಎಣ್ಣೆಯಂಥ ತೆಳುವಾದ ಕೋಶಪೊರೆ ಮಾತ್ರ. ಸಸ್ಯಕೋಶಕ್ಕೆ ಆ ಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಗೋಡೆಯೂ ಇದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೊಗಟೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿ ಕೋಶ ಎಂದು ಹೆಸರಿಟ್ಟನಲ್ಲ, ಅವನು ನೋಡಿದ್ದು ಜೀವ ಹೋದ ಮೇಲೆ ಉಳಿದ ಬರೀ ಗೋಡೆಗಳನ್ನು. ಬೀಜವನ್ನು ಕುಟ್ಟಿ ಕುದಿಸಿದಾಗ ಆ ಗೋಡೆ ಒಡೆದು, ಒಳಗಿನ ಕೊಬ್ಬಿನ ಕಣಗಳು ಬಿಡುಗಡೆಯಾಗುತ್ತವೆ.

ಒಂದೇ ಹಣ್ಣು ಕೊಬ್ಬು ತಯಾರಿಕೆ ತಡೆಯುವ ಆಮ್ಲವನ್ನೂ ಕೊಬ್ಬನ್ನೂ ಹೇಗೆ ಮಾಡಿಕೊಳ್ಳುತ್ತದೆ? ಆಮ್ಲ ಸಿಪ್ಪೆಯ ಕೋಶಗಳ ರಸದಾನಿಯಲ್ಲಿ ಬೀಗ ಹಾಕಿದಂತೆ ಕೂತಿದೆ. ಕೊಬ್ಬು ತಯಾರಾಗುವುದು ಬೀಜದ ಕೋಶಗಳಲ್ಲಿ. ಅದೂ ಸಸ್ಯಗಳಲ್ಲಿ ಕೊಬ್ಬಿನಾಮ್ಲಗಳು ತಯಾರಾಗುವುದು ಪ್ಲಾಸ್ಟಿಡ್ ಎಂಬ ಪ್ರತ್ಯೇಕ ಕೋಣೆಯಲ್ಲಿ. ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್ ಕೂಡ ಇದೇ ವಂಶದ್ದು. ಪ್ರಾಣಿಕೋಶದಲ್ಲಿ ಪ್ಲಾಸ್ಟಿಡ್ ಇಲ್ಲ. ನಾವು ಕೊಬ್ಬನ್ನು ಮಾಡುವುದು ಕೋಶರಸದಲ್ಲೇ, ಬೇರೆ ದಾರಿಯಿಂದ. ಎಚ್‌ಸಿಎಯ ಕಥೆ ಶುರುವಾಗುವುದು ಈ ವ್ಯತ್ಯಾಸದಿಂದ.

ಗೋಡೆಯ ವಿಷಯ ಬಂದದ್ದಕ್ಕೆ, ಅಡಿಕೆ ಬೆಳೆಗಾರರಿಗೆ ಒಂದು ಮಾತು

ಕೊಳೆರೋಗಕ್ಕೆ ಯಾವ ಶಿಲೀಂಧ್ರನಾಶಕವಾದರೂ ಆದೀತು ಎಂಬ ಸಲಹೆಗಳೂ ಮಳೆಗಾಲದ ಫಾರ್ವರ್ಡುಗಳಲ್ಲಿ ಸೇರಿಕೊಂಡಿವೆ. ಕೊಳೆರೋಗ ತರುವ ಫೈಟಾಫ್ತೊರ ನೋಡಲು ಬೂಸ್ಟಿನಂತೆ ಇದ್ದರೂ ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರಗಳ ಕೋಶಭಿತ್ತಿ ಕೈಟಿನ್‌ನಿಂದ ಆಗಿರುತ್ತದೆ, ಸೀಗಡಿ ಚಿಪ್ಪಿನಲ್ಲಿರುವ ವಸ್ತುವೇ ಅದು. ಫೈಟಾಫ್ತೊರದ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್ ಮತ್ತು ಅದರ ಜಾತಿಯ ಸಕ್ಕರೆ ಸರಪಳಿಗಳು. ಶಿಲೀಂಧ್ರಗಳು ತಮ್ಮ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲನ್ನು ತಾವೇ ಮಾಡಿಕೊಳ್ಳುತ್ತವೆ, ಇದು ಮಾಡಿಕೊಳ್ಳುವುದಿಲ್ಲ. ಆ ತಯಾರಿಕೆಯನ್ನೇ ಗುರಿಯಿಟ್ಟು ಮಾಡಿದ ಔಷಧ ಇದಕ್ಕೆ ನಾಟುವುದು ಹೇಗೆ? ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗಾಣುವನ್ನು ವಿವರಿಸಿ ಬೋರ್ಡೋ ದ್ರಾವಣವನ್ನು ಸೂಚಿಸಿದರು. ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ, ನೀರು ನೂರು ಲೀಟರ್. ನೂರು ವರ್ಷ ದಾಟಿದರೂ ಕೊನೆಗೌಡರು ಮರ ಏರಿ ಹೊಡೆಯುವುದು ಅದನ್ನೇ. ತಾಮ್ರ ಒಂದು ಪ್ರೋಟೀನನ್ನು ಗುರಿಯಿಡುವುದಿಲ್ಲ, ಮೊಳೆಯುವ ಬೀಜಕಣದ ಹಲವು ಪ್ರೋಟೀನುಗಳನ್ನು ಒಟ್ಟಿಗೆ ಕೆಡಿಸುತ್ತದೆ. ಹಾಗಾಗಿ ಗೋಡೆ ಯಾವುದಾದರೂ ನಾಟುತ್ತದೆ. ಕೊನೆಗೆ ಕೊಟ್ಟೆ ಕಟ್ಟುವವರದು ಇನ್ನೂ ಸರಳ ಲೆಕ್ಕ: ನೀರೇ ತಾಗದಿದ್ದರೆ ಬೀಜಕಣ ಮೊಳೆಯುವುದೇ ಇಲ್ಲ.

ನಮ್ಮ ಕೋಶದಲ್ಲಿ ಕೊಬ್ಬು ತಯಾರಾಗುವ ಬಗೆ

ಊಟದ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದು ಲಿವರಿನ ಕೋಶವನ್ನು ತಲುಪಿತು ಎಂದುಕೊಳ್ಳಿ. ಲಿವರಿನ ಒಂದು ಕೋಶದ ಅಗಲ ಸುಮಾರು 20ರಿಂದ 30 ಮೈಕ್ರೊಮೀಟರ್. ಒಂದು ಮಿಲಿಮೀಟರಿನಲ್ಲಿ ನಲವತ್ತು ಕೋಶಗಳನ್ನು ಸಾಲಾಗಿ ನಿಲ್ಲಿಸಬಹುದು. ಅಷ್ಟು ಚಿಕ್ಕ ಜಾಗದಲ್ಲಿ ಒಂದರಿಂದ ಎರಡು ಸಾವಿರ ಮೈಟೋಕಾಂಡ್ರಿಯಗಳಿವೆ. ಸಕ್ಕರೆಯ ಚೂರುಗಳು ಮೈಟೋಕಾಂಡ್ರಿಯದ ಒಳಹೋಗಿ ಸುಟ್ಟು ಎಟಿಪಿ ಎಂಬ ಶಕ್ತಿಯ ಚಿಲ್ಲರೆ ನಾಣ್ಯವಾಗುತ್ತವೆ. ಈ ಸುಡುವಿಕೆಯ ಒಂದು ಹಂತದಲ್ಲಿ ಸಿಟ್ರೇಟ್ ಹುಟ್ಟುತ್ತದೆ. ಹೌದು, ನಿಂಬೆಹಣ್ಣಿನ ಸಿಟ್ರಿಕ್ ಆಮ್ಲವೇ, ನಮ್ಮೊಳಗೂ.

ಶಕ್ತಿಗೆ ಕೊರತೆ ಇಲ್ಲದಾಗ ಸಿಟ್ರೇಟ್ ಪೂರ್ತಿ ಸುಡದೆ ಮೈಟೋಕಾಂಡ್ರಿಯದ ಬಾಗಿಲಿನಿಂದ ಹೊರಬಂದು ಕೋಶರಸಕ್ಕೆ ಇಳಿಯುತ್ತದೆ. ಅಲ್ಲಿ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಎರಡು ತುಂಡು ಮಾಡುತ್ತದೆ. ಒಂದು ತುಂಡಿನಿಂದ ಕೊಬ್ಬು ಮತ್ತು ಕೊಲೆಸ್ಟರಾಲ್ ತಯಾರಾಗುತ್ತವೆ. ನಯವಾದ ಎಂಡೋಪ್ಲಾಸ್ಮಿಕ್ ಜಾಲ ಅದನ್ನು ಕೊಬ್ಬಿನ ಕಣವಾಗಿ ಜೋಡಿಸುತ್ತದೆ, ಗಾಲ್ಗಿ ಸಂಕೀರ್ಣ ಪೊಟ್ಟಣ ಕಟ್ಟಿ ರಕ್ತಕ್ಕೆ ಬಿಡುತ್ತದೆ, ಕೊಬ್ಬಿನ ಕೋಶಗಳು ಅದನ್ನು ದಾಸ್ತಾನು ಮಾಡುತ್ತವೆ. ಕೊಬ್ಬಿನ ಕೋಶವನ್ನು ನೋಡಿದರೆ ಸಸ್ಯಕೋಶದ ರಸದಾನಿ ನೆನಪಾಗುತ್ತದೆ. ನಡುವೆ ಒಂದೇ ದೊಡ್ಡ ಹನಿ, ಕೋಶಕೇಂದ್ರ ಒಂದು ಮೂಲೆಗೆ ಒತ್ತಿಕೊಂಡಿರುತ್ತದೆ.

ಎಚ್‌ಸಿಎ ಮಾಡುವುದು ಇಷ್ಟು: ಸಿಟ್ರೇಟಿನಂತೆಯೇ ಕಾಣುವುದರಿಂದ ಆ ಕಿಣ್ವದ ಒಳಗೆ ಹೋಗಿ ಕೂರುತ್ತದೆ, ಆದರೆ ಕತ್ತರಿಸಲು ಬರುವುದಿಲ್ಲ. ಬೀಗದಲ್ಲಿ ಸಿಕ್ಕಿಕೊಂಡ ತಪ್ಪು ಕೀಲಿಕೈ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಮುಂದೆ ಇಲಿಗಳಲ್ಲಿ ಪರೀಕ್ಷೆ ನಡೆದು, ಅವುಗಳ ಲಿವರಿನಲ್ಲಿ ಕೊಬ್ಬಿನ ತಯಾರಿಕೆ ಇಳಿದದ್ದೂ ಕಂಡಿತು. ಫಾರ್ವರ್ಡಿನಲ್ಲಿರುವ ವೈಜ್ಞಾನಿಕವಾಗಿ ಸಾಬೀತಾಗಿದೆ ಎಂಬ ಮಾತಿಗೆ ಆಧಾರ ಇದೇ. ಸುಳ್ಳಲ್ಲ. ಆದರೆ ಇಲ್ಲಿಗೇ ನಿಲ್ಲಿಸಿದ್ದಾರೆ.

ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಏಕೆ ಆಗಲಿಲ್ಲ?

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಹೇಮ್ಸ್‌ಫೀಲ್ಡ್ ತಂಡದ ಪರೀಕ್ಷೆ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ ಕೊಟ್ಟರು, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಇಬ್ಬರಿಗೂ ಕಡಿಮೆ ಕ್ಯಾಲೊರಿಯ ಊಟ. ಯಾರಿಗೆ ಯಾವುದು ಸಿಕ್ಕಿದೆ ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 12 ವಾರಗಳ ನಂತರ ಎಚ್‌ಸಿಎ ಗುಂಪು ಸರಾಸರಿ 3.2 ಕಿಲೊ ಇಳಿದಿತ್ತು. ಹುಸಿ ಮಾತ್ರೆಯ ಗುಂಪು 4.1 ಕಿಲೊ! ಈ ಅಂತರ ಆಕಸ್ಮಿಕ ಎನ್ನುವಷ್ಟು ಚಿಕ್ಕದು, ಹಾಗಾಗಿ ಹುಸಿ ಮಾತ್ರೆ ಮೇಲು ಎಂದು ಯಾರೂ ಹೇಳುವುದಿಲ್ಲ. ಉಪ್ಪಾಗೆಯಿಂದ ಲಾಭ ಕಾಣಲಿಲ್ಲ ಎಂಬುದಷ್ಟೇ ಅರ್ಥ. ತೂಕ ಇಳಿಸಿದ್ದು ಊಟ. 2011ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಒಂದು ಕಿಲೊಗಿಂತ ಕಡಿಮೆ ವ್ಯತ್ಯಾಸ ಸಿಕ್ಕಿತು. ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನು ಮಾತ್ರ ಇಟ್ಟುಕೊಂಡಾಗ ಅದೂ ಉಳಿಯಲಿಲ್ಲ.

ಕಾರಣಗಳನ್ನು ಕೋಶದಲ್ಲೇ ಹುಡುಕಬಹುದು. ಮೊದಲನೆಯದು ದಾರಿ. ಎಚ್‌ಸಿಎ ಬಾಯಿಗೆ ಬಿದ್ದ ಮಾತ್ರಕ್ಕೆ ಕಿಣ್ವದ ಹತ್ತಿರ ಹೋಗುವುದಿಲ್ಲ. ಕರುಳಿನ ಕೋಶ ದಾಟಬೇಕು, ರಕ್ತದಲ್ಲಿ ಸಾಗಬೇಕು, ಲಿವರಿನ ಕೋಶಪೊರೆ ದಾಟಬೇಕು. ಕೋಶಪೊರೆ ಎಣ್ಣೆಯ ಪದರ, ಎಚ್‌ಸಿಎ ನೀರಿನಲ್ಲಿ ಕರಗುವ, ವಿದ್ಯುದಾವೇಶ ಇರುವ ಕಣ. ಬಾಗಿಲಾಗಿ ನಿಂತ ಪ್ರೋಟೀನು ಒಳಬಿಟ್ಟಷ್ಟೇ ಹೋಗುತ್ತದೆ. ಕಿಣ್ವವನ್ನು ಪರೀಕ್ಷಾನಳಿಕೆಯಲ್ಲಿ ಬಿಡಿಯಾಗಿ ಇಟ್ಟು ನೋಡಿದಾಗ ಈ ತೊಡಕುಗಳು ಯಾವುವೂ ಇರುವುದಿಲ್ಲ. ಪ್ರಯೋಗಾಲಯದ ಫಲಿತಾಂಶ ಎಂದು ಹೇಳಿ ಮಾರುವ ಎಷ್ಟೋ ಮೂಲಿಕೆಗಳ ಹಣೆಬರಹ ಈ ಪೊರೆಯ ಹತ್ತಿರವೇ ಮುಗಿಯುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಇಲಿಗಳಿಗೆ ಕೊಟ್ಟದ್ದು ಕೊಬ್ಬು ಬಹಳ ಕಡಿಮೆ, ಸಕ್ಕರೆ ಬಹಳ ಹೆಚ್ಚು ಇರುವ ಆಹಾರ. ಆಗ ಅವು ಕೊಬ್ಬನ್ನು ತಾವೇ ತಯಾರಿಸಿಕೊಳ್ಳಬೇಕು, ಕಿಣ್ವ ತಡೆದರೆ ಪರಿಣಾಮ ಎದ್ದು ಕಾಣುತ್ತದೆ. ನಮ್ಮ ಊಟದಲ್ಲಿ ಒಗ್ಗರಣೆಯ ಎಣ್ಣೆ, ತೆಂಗಿನಕಾಯಿ, ಹಾಲು ಎಲ್ಲ ಇದೆ. ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ಹೀಗೆ ತಿಂದ ಕೊಬ್ಬೇ. ಅದು ಸಿಟ್ರೇಟಿನ ದಾರಿ ಹಿಡಿಯದೆ ನೇರವಾಗಿ ಕೊಬ್ಬಿನ ಕೋಶಕ್ಕೆ ಹೋಗುತ್ತದೆ. ಮುಖ್ಯ ರಸ್ತೆ ತೆರೆದೇ ಇರುವಾಗ ಒಳದಾರಿಗೆ ಗೇಟು ಹಾಕಿದರೆ ಏನು ಪ್ರಯೋಜನ?

ಇನ್ನು ಕರಗುವುದು ಎಂಬ ಪದವೇ ತಪ್ಪು ದಾರಿಗೆ ಎಳೆಯುತ್ತದೆ. ಎಚ್‌ಸಿಎ ತಡೆಯಬಹುದಾದದ್ದು ಹೊಸ ಕೊಬ್ಬಿನ ತಯಾರಿಕೆಯನ್ನು. ಆಗಲೇ ಕೂತಿರುವ ಕೊಬ್ಬು ಹೋಗಬೇಕಾದರೆ ಆ ಹನಿ ಒಡೆದು, ಬೇರೆ ಕೋಶಗಳ ಮೈಟೋಕಾಂಡ್ರಿಯಗಳಲ್ಲಿ ಆಮ್ಲಜನಕದ ಜೊತೆ ಸುಡಬೇಕು. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಇದರ ಲೆಕ್ಕ ಹಾಕಿದ್ದರು: 10 ಕಿಲೊ ಕೊಬ್ಬು ಸುಟ್ಟರೆ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಬೆಳಗಿನ ಕಷಾಯ ಕುಡಿದು ಎರಡು ಸಲ ಹೆಚ್ಚಿಗೆ ಮೂತ್ರಕ್ಕೆ ಹೋದರೆ ಹೊರಗೆ ಹೋದದ್ದು ಕೊಬ್ಬಲ್ಲ, ನೀರು.

ಕುತೂಹಲದ ಸಂಗತಿ ಎಂದರೆ, ಇದೇ ಕಿಣ್ವವನ್ನು ತಡೆಯುವ ಔಷಧವೊಂದು ನಿಜವಾಗಿಯೂ ಬಂದಿದೆ. ಹೆಸರು ಬೆಂಪೆಡೊಯಿಕ್ ಆಮ್ಲ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ನುಂಗುವಾಗ ಅದು ನಿಷ್ಕ್ರಿಯ. ಅದನ್ನು ಚುರುಕುಗೊಳಿಸುವ ಕಿಣ್ವ ಲಿವರಿನ ಕೋಶದಲ್ಲಿದೆ, ಸ್ನಾಯುವಿನಲ್ಲಿ ಇಲ್ಲ. ಹಾಗಾಗಿ ಕೆಲಸ ಮಾಡುವುದು ಲಿವರಿನಲ್ಲಿ. 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸ್ಟ್ಯಾಟಿನ್ ಒಗ್ಗದ 13,970 ಜನರನ್ನು ವರ್ಷಗಟ್ಟಲೆ ಗಮನಿಸಿ, ಹೃದಯಾಘಾತದಂಥ ಗಂಭೀರ ಘಟನೆಗಳು ಶೇ. 13ರಷ್ಟು ಕಡಿಮೆಯಾದದ್ದನ್ನು ಕಂಡರು. ಅದನ್ನು ಕೊಡುವುದು ಕೊಲೆಸ್ಟರಾಲ್ ಇಳಿಸಲು, ತೂಕ ಇಳಿಸಲು ಅಲ್ಲ. ಮೈಸೂರಿನಲ್ಲಿ ಗುರುತಿಸಿದ ಹುಳಿಯಿಂದ ಬೆಳಕಿಗೆ ಬಂದ ಗುರಿ ಸರಿಯಾಗಿಯೇ ಇತ್ತು. ಆ ಗುರಿಯನ್ನು ಮುಟ್ಟಲು ಉಪ್ಪಾಗೆ ಕ್ಯಾಪ್ಸೂಲ್ ಸಾಲದು, ಮತ್ತು ಮುಟ್ಟಿದರೂ ಹೊಟ್ಟೆ ಇಳಿಯುವುದಿಲ್ಲ.

ಅಡ್ಡಪರಿಣಾಮ ಇಲ್ಲ ಎಂಬ ಸಾಲು

ಫಾರ್ವರ್ಡಿನಲ್ಲಿ ನಮಗೆ ಹೆಚ್ಚು ಆತಂಕ ತರುವುದು ಈ ಸಾಲು. ಲಿವರಿನ ಕೋಶಗಳಲ್ಲಿ ನಯವಾದ ಎಂಡೋಪ್ಲಾಸ್ಮಿಕ್ ಜಾಲ ದಟ್ಟವಾಗಿ ಹಬ್ಬಿರುತ್ತದೆ. ನಾವು ನುಂಗುವ ಔಷಧ, ಮದ್ಯ, ಮೂಲಿಕೆಯ ಸಾರ, ಕೀಟನಾಶಕದ ಶೇಷ ಎಲ್ಲವನ್ನೂ ಒಡೆದು ಹೊರಹಾಕಲು ಸಿದ್ಧ ಮಾಡುವುದು ಅಲ್ಲಿನ ಕಿಣ್ವಗಳು. ಒಂದು ವಸ್ತು ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂದು ಅವು ಕೇಳುವುದಿಲ್ಲ. ಕೆಲವೊಮ್ಮೆ ಹೀಗೆ ಒಡೆಯುವಾಗ ಹುಟ್ಟಿದ ಚೂರೇ ಕೋಶಕ್ಕೆ ಮಾರಕವಾಗುತ್ತದೆ, ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಲಿವರಿನ ಮೇಲೆ ತಿರುಗಿ ಬೀಳುತ್ತದೆ.

2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳನ್ನು ನಿಲ್ಲಿಸಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಗಂಭೀರ ಲಿವರ್ ತೊಂದರೆಯ 23 ವರದಿಗಳು ಬಂದಿದ್ದವು, ಅದರಲ್ಲಿ ಒಂದು ಸಾವು. ಆ ಉತ್ಪನ್ನಗಳಲ್ಲಿ ಹಲವು ಪದಾರ್ಥಗಳಿದ್ದವು, ಗಾರ್ಸೀನಿಯ ಅವುಗಳಲ್ಲಿ ಒಂದು. ಆದ್ದರಿಂದ ಅದೊಂದೇ ತಪ್ಪಿತಸ್ಥ ಎನ್ನಲಾಗದು. ಆದರೆ ಅಲ್ಲಿನ ಲಿವರ್ ತಜ್ಞರ ಜಾಲವೊಂದು 2004ರಿಂದ 2018ರವರೆಗಿನ ತನ್ನ ದಾಖಲೆಗಳನ್ನು ತೆಗೆದು ನೋಡಿದಾಗ ಗಾರ್ಸೀನಿಯಕ್ಕೆ ಸಂಬಂಧಿಸಿದ 22 ಪ್ರಕರಣ ಸಿಕ್ಕಿದವು. ಬಹುತೇಕರು ಗ್ರೀನ್ ಟೀ ಸಾರವನ್ನೂ ತೆಗೆದುಕೊಂಡಿದ್ದರು. ಐವರು ಮಾತ್ರ ಗಾರ್ಸೀನಿಯ ಒಂದನ್ನೇ. ಒಂದು ಬಗೆಯ ಜೀನ್ ಇರುವವರಲ್ಲಿ ಈ ಅಪಾಯ ಹೆಚ್ಚು ಎಂಬುದೂ ಕಂಡಿತು. ನುಂಗುವವರ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪವೇ. ಆದರೆ ಲಾಭವೇ ಇಲ್ಲದ ವಸ್ತುವಿಗೆ ಅಪರೂಪದ ಅಪಾಯವನ್ನಾದರೂ ಏಕೆ ಮೈಮೇಲೆ ಎಳೆದುಕೊಳ್ಳಬೇಕು?

ಹಾಗೆಂದು ಸಾರಿಗೆ ಹಾಕುವ ಉಪ್ಪಾಗೆಯನ್ನು ಎಸೆಯಬೇಡಿ. ಎರಡು ಗ್ರಾಂ ತೂಕದ ಒಣ ತುಂಡಿನಲ್ಲಿ ಶೇ. 20ರಷ್ಟು ಎಚ್‌ಸಿಎ ಇದೆ ಎಂದುಕೊಂಡರೆ ಒಟ್ಟು 400 ಮಿಲಿಗ್ರಾಂ. ನಾಲ್ಕು ಜನ ಉಂಡರೆ ತಲಾ 100. ಕ್ಯಾಪ್ಸೂಲಿನವರು ನುಂಗುವುದು ದಿನಕ್ಕೆ 1500 ಮಿಲಿಗ್ರಾಂ ಅಥವಾ ಇನ್ನೂ ಹೆಚ್ಚು, ತಿಂಗಳುಗಟ್ಟಲೆ. ಅಡುಗೆಯ ಹುಳಿಯೂ ಡಬ್ಬಿಯ ಸಾರವೂ ಒಂದೇ ಮರದ್ದಾದರೂ ಲಿವರಿನ ಕೋಶಕ್ಕೆ ಎರಡೂ ಒಂದೇ ಅಲ್ಲ.

ಇಂಥ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ಕೆಲವು ಲಕ್ಷಣಗಳು ಗೊತ್ತಿರಲಿ. ವಿಪರೀತ ಸುಸ್ತು, ಊಟ ಸೇರದಿರುವುದು, ಹೊಟ್ಟೆಯ ಬಲಭಾಗದ ಮೇಲೆ ನೋವು, ಮೈ ತುರಿಕೆ, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಕಣ್ಣಿನ ಬಿಳಿಭಾಗ ಹಳದಿಯಾಗುವುದು. ಕಂಡರೆ ಕ್ಯಾಪ್ಸೂಲನ್ನು ಅಂದೇ ನಿಲ್ಲಿಸಿ, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಮೂಲಿಕೆ ತಾನೇ ಎಂದು ವೈದ್ಯರಿಗೆ ಹೇಳದೆ ಬಿಡುವವರೇ ಹೆಚ್ಚು, ಆಗ ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಇದೇ ಸಾಲಿನ ಇನ್ನೊಂದು: ಹಸಿರು ರಕ್ತ

ಉಪ್ಪಾಗೆಯ ಸಂದೇಶ ನಿಂತ ಮೇಲೆ ಗೋಧಿಹುಲ್ಲಿನ ರಸದ ಸಂದೇಶ ಬರುತ್ತದೆ. ಪತ್ರಹರಿತ್ತೂ ಹಿಮೋಗ್ಲೋಬಿನ್ನೂ ಒಂದೇ ಥರ, ಒಂದರ ನಡುವೆ ಮೆಗ್ನೀಸಿಯಂ, ಇನ್ನೊಂದರ ನಡುವೆ ಕಬ್ಬಿಣ, ಆದ್ದರಿಂದ ಹಸಿರು ರಸ ಕುಡಿದರೆ ಅದೇ ರಕ್ತವಾಗುತ್ತದೆ ಎಂದು. ಮೊದಲರ್ಧ ಸರಿ. ಎರಡರಲ್ಲೂ ಉಂಗುರದಂಥ ಒಂದೇ ಜಾತಿಯ ರಚನೆ ಇದೆ. ಎರಡನೆಯ ಅರ್ಧ ನಿಮ್ಮ ಅಡುಗೆಮನೆಯಲ್ಲೇ ಸುಳ್ಳಾಗುತ್ತದೆ. ಹಸಿರು ಸೊಪ್ಪಿಗೆ ಹುಳಿ ಹಾಕಿ ಬೇಯಿಸಿ ನೋಡಿ, ಬಣ್ಣ ಕಂದಿ ಕಂದಾಗುತ್ತದೆ. ಆಮ್ಲವು ಪತ್ರಹರಿತ್ತಿನ ನಡುವಿನ ಮೆಗ್ನೀಸಿಯಮ್ಮನ್ನು ಕಿತ್ತುಹಾಕಿದ್ದರ ಗುರುತು ಅದು. ಹೊಟ್ಟೆಯ ಆಮ್ಲ ಮಾಡುವುದೂ ಅದನ್ನೇ. ಖಾಲಿಯಾದ ಆ ಉಂಗುರಕ್ಕೆ ಕಬ್ಬಿಣ ಕೂರಿಸಿ ರಕ್ತ ಮಾಡುವ ವ್ಯವಸ್ಥೆ ನಮ್ಮ ದೇಹದಲ್ಲಿ ಇಲ್ಲ.

ಹಿಮೋಗ್ಲೋಬಿನ್ನಿನ ಉಂಗುರವನ್ನು ಎಲುಬಿನ ಮಜ್ಜೆಯ ಕೋಶಗಳು ಮೊದಲಿನಿಂದ ತಾವೇ ಕಟ್ಟುತ್ತವೆ. ಕೆಲಸ ಮೈಟೋಕಾಂಡ್ರಿಯದಲ್ಲಿ ಶುರುವಾಗಿ, ಕೋಶರಸಕ್ಕೆ ಬಂದು, ಕೊನೆಯ ಹಂತಕ್ಕೆ ಮತ್ತೆ ಮೈಟೋಕಾಂಡ್ರಿಯಕ್ಕೆ ಹೋಗುತ್ತದೆ. ಕಬ್ಬಿಣ ಸೇರುವುದು ಅಲ್ಲೇ. ಪ್ರೋಟೀನಿನ ಭಾಗವನ್ನು ಹೆಣೆಯುವುದು ರೈಬೋಸೋಮುಗಳು. ಎಲ್ಲ ಮುಗಿದ ಮೇಲೆ ಕೆಂಪು ರಕ್ತಕಣ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ, ಮೈಟೋಕಾಂಡ್ರಿಯಗಳನ್ನೂ ಕಳೆದುಕೊಳ್ಳುತ್ತದೆ, ಹಿಮೋಗ್ಲೋಬಿನ್ನಿಗೆ ಜಾಗ ಮಾಡಿಕೊಡಲು. ರಿಪೇರಿ ಮಾಡಿಕೊಳ್ಳಲು ಬಾರದ ಕಾರಣ ಅದರ ಆಯುಷ್ಯ ಸುಮಾರು 120 ದಿನ. ಹಾಗಾಗಿ ಮಜ್ಜೆ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ಮಾಡುತ್ತಲೇ ಇರಬೇಕು. ಪ್ರತಿಯೊಂದಕ್ಕೂ ಬೇಕಾದದ್ದು ಕಬ್ಬಿಣ, ಪತ್ರಹರಿತ್ತು ಅಲ್ಲ. ಸೊಪ್ಪಿನಲ್ಲಿ ಕಬ್ಬಿಣ, ಫೋಲೇಟ್ ಇವೆ, ಅದಕ್ಕಾಗಿ ಧಾರಾಳವಾಗಿ ತಿನ್ನಿ. ಅದರ ಹಸಿರು ಬಣ್ಣಕ್ಕಾಗಿ ಅಲ್ಲ.

ಇದನ್ನು ತಮಾಷೆಯ ಫಾರ್ವರ್ಡ್ ಎಂದು ನಾವು ಬಿಡಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಜನರಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಗರ್ಭಿಣಿಯರಿಗೆ ಸರ್ಕಾರದಿಂದ ಉಚಿತವಾಗಿ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ಶುರುಮಾಡಿ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅದನ್ನು ಡಬ್ಬಿಯಲ್ಲೇ ಬಿಟ್ಟು ಹಸಿರು ರಸಕ್ಕೆ ಹೋದರೆ, ಮಜ್ಜೆಯ ಕೋಶಗಳು ಕಬ್ಬಿಣಕ್ಕಾಗಿ ಕಾದು ಕೂತೇ ಇರುತ್ತವೆ.

ಮಲ ಕಪ್ಪಗಾಗುವುದು ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಅದರಿಂದ ತೊಂದರೆ ಇಲ್ಲ. ತೊಳಸುವುದು ಹೆಚ್ಚಾದರೆ ಊಟದ ನಂತರ ಅಥವಾ ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದು, ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಜೊತೆಗೆ ನಿಂಬೆರಸ ಕುಡಿದರೆ ಅದರ ವಿಟಮಿನ್ ಸಿ ಕರುಳಿನ ಕೋಶಗಳು ಹೆಚ್ಚು ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಚಹಾ, ಕಾಫಿ ಅದನ್ನು ತಡೆಯುತ್ತವೆ. ಮಾತ್ರೆಗೂ ಚಹಾದ ಲೋಟಕ್ಕೂ ನಡುವೆ ಒಂದು ಗಂಟೆಯಾದರೂ ಅಂತರ ಇರಲಿ.